ನನ್ನ ಹೊಟ್ಟೆಯಲ್ಲಿ ಅಣ್ಣನ ಪಿಸ್ಟನ್

ನಾನೊಂದು ಟ್ರಂಪೆಟ್. ಹಿತ್ತಾಳೆಯ ಮೈ, ಅಗಲವಾದ ಬಾಯಿ, ನಡುವೆ ಮೂರು ಗುಂಡಿ. ಮದುವೆ ಮೆರವಣಿಗೆಯಲ್ಲಿ ನನ್ನಂಥವರನ್ನು ನೀವು ನೋಡಿಯೇ ಇರುತ್ತೀರಿ. ಪಕ್ಕದಲ್ಲೇ ನಿಂತಿದ್ದರೆ ಕಿವಿಯನ್ನೂ ಮುಚ್ಚಿಕೊಂಡಿರುತ್ತೀರಿ. ಅದಕ್ಕೆ ನನಗೆ ಬೇಜಾರೇನಿಲ್ಲ. ಪಿಸುಗುಟ್ಟಲಿ ಅಂತ ನನ್ನನ್ನು ಯಾರೂ ಮಾಡಿಲ್ಲ. ಇಂಥ ನಾನು ಒಂದು ನಿಜವನ್ನು ಹೊಟ್ಟೆಯಲ್ಲಿಟ್ಟುಕೊಂಡು ಮೂವತ್ತೊಂದು ವರ್ಷ ಸುಮ್ಮನಿದ್ದೆ ಎಂದರೆ ನಂಬುತ್ತೀರಾ? ಬೇರೆ ದಾರಿ ಇರಲಿಲ್ಲ. ಊದುವವರ ಮಾತನ್ನು ಆಡಬಲ್ಲೆನೇ ಹೊರತು ನನ್ನ ಮಾತನ್ನು ಆಡಲಾರೆ. ಇವತ್ತು ಹೇಳುತ್ತೇನೆ, ಕೇಳಿ.

ನಾನು ಹುಟ್ಟಿದ್ದು ಸಮುದ್ರದಾಚೆಯ ಒಂದು ಕಾರ್ಖಾನೆಯಲ್ಲಿ. ಊರಿನ ಹೆಸರು ಗೊತ್ತಿಲ್ಲ; ಯಾವಾಗಲೂ ಮಂಜು, ಯಾವಾಗಲೂ ಕಲ್ಲಿದ್ದಲ ಹೊಗೆ. ಹಿತ್ತಾಳೆ ತಗಡನ್ನು ಸುತ್ತಿ, ಬಡಿದು, ಬೆಸೆದು, ಉಜ್ಜಿ ನನ್ನನ್ನು ಮಾಡಿದರು. ಅದೇ ಮೇಜಿನ ಮೇಲೆ, ಅದೇ ಕೈಗಳಲ್ಲಿ, ನನಗಿಂತ ಅರ್ಧ ಗಂಟೆ ಮುಂಚೆ ಇನ್ನೊಂದು ಟ್ರಂಪೆಟ್ ತಯಾರಾಗಿತ್ತು. ಅದರ ಮೈಮೇಲೆ 4117 ಎಂದು ಅಚ್ಚೊತ್ತಿದರು, ನನ್ನ ಮೈಮೇಲೆ 4118. ಹಾಗಾಗಿ ಅದು ನನಗೆ ಅಣ್ಣ.

ನಮ್ಮ ಒಳಗಿನ ಸಮಾಚಾರವನ್ನೂ ಸ್ವಲ್ಪ ಹೇಳಿಬಿಡುತ್ತೇನೆ, ಮುಂದಕ್ಕೆ ಬೇಕಾಗುತ್ತದೆ. ಗುಂಡಿಗಳ ಕೆಳಗೆ ಮೂರು ನೆಟ್ಟನೆಯ ಕೊಳವೆಗಳಿವೆ. ಒಂದೊಂದರಲ್ಲೂ ಒಂದೊಂದು ಪಿಸ್ಟನ್ ಇರುತ್ತದೆ, ಅಂದರೆ ತೂತುಗಳಿರುವ ಒಂದು ಉರುಳೆ. ಬೆರಳು ಒತ್ತಿದರೆ ಅದು ಕೆಳಗಿಳಿದು ಉಸಿರಿನ ದಾರಿ ಬದಲಿಸುತ್ತದೆ, ಸ್ವರ ಬೇರೆಯಾಗುತ್ತದೆ. ಬೆರಳು ಎತ್ತಿದರೆ ಅಡಿಯಲ್ಲಿರುವ ಸ್ಪ್ರಿಂಗ್ ಅದನ್ನು ಮೇಲಕ್ಕೆ ತಳ್ಳುತ್ತದೆ. ಪಿಸ್ಟನ್ ಕೂದಲೆಳೆಯಷ್ಟು ದಪ್ಪವಾದರೂ ಸಿಕ್ಕಿಕೊಳ್ಳುತ್ತದೆ, ಕೂದಲೆಳೆಯಷ್ಟು ಸಣ್ಣವಾದರೂ ಗಾಳಿ ಸೋರುತ್ತದೆ. ಅದಕ್ಕೇ ಆ ಕಾರ್ಖಾನೆಯ ಮುದುಕ ಕೆಲಸಗಾರ ಒಂದೊಂದು ಪಿಸ್ಟನ್ನನ್ನೂ ಅದರದೇ ಕೊಳವೆಯಲ್ಲಿ ಗಂಟೆಗಟ್ಟಲೆ ತಿರುವಿ ತಿರುವಿ ಹದ ಮಾಡಿದ್ದ. ಆಮೇಲೆ ಎದ್ದು ಕಾಣುವಂತೆ 1, 2, 3 ಎಂದು ಅವುಗಳ ಜಾಗದ ಅಂಕಿ ಕೊರೆದ. ಅದರ ಕೆಳಗೆ ಸಾಸಿವೆಯಷ್ಟು ಸಣ್ಣದಾಗಿ, ಅಣ್ಣನ ಮೂರಕ್ಕೂ 17 ಎಂದೂ ನನ್ನ ಮೂರಕ್ಕೂ 18 ಎಂದೂ ಕೊರೆದ. ಆ ಸಾಸಿವೆ ಅಂಕಿಯನ್ನು ಆಮೇಲೆ ಯಾರೂ ಓದಲಿಲ್ಲ. ಓದಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ.

ಹಡಗು ಹತ್ತಿ ಬಂದೆವು. ಕೆಲವು ವರ್ಷ ಸಿಪಾಯಿಗಳ ಬ್ಯಾಂಡಿನಲ್ಲಿದ್ದೆವು. ಅವರಿಗೆ ಹೊಸ ವಾದ್ಯ ಬಂದಾಗ ನಮ್ಮನ್ನು ಹರಾಜು ಹಾಕಿದರು. ಮೈಸೂರಿನ ವಿನೋದ ಬ್ಯಾಂಡ್ ಸೆಟ್‌ನ ರತ್ನಂ ಮಾಸ್ಟರ್ ನಮ್ಮಿಬ್ಬರನ್ನೂ ಒಟ್ಟಿಗೆ ಹಿಡಿದು ತಂದರು. ಅಣ್ಣನನ್ನು ಮಾದಯ್ಯನ ಕೈಗೂ ನನ್ನನ್ನು ಚೌರಪ್ಪನ ಕೈಗೂ ಕೊಟ್ಟು, “ಜೋಡಿ ಇವು, ಜೋಡಿಯಾಗೇ ಇರ್ಬೇಕು” ಎಂದರು.

ಚೌರಪ್ಪ ಹಗಲು ಹೊತ್ತು ಕಾರ್ಪೊರೇಷನ್ನಿನ ವಾಲ್ವ್‌ಮನ್. ಉದ್ದನೆಯ ಕಬ್ಬಿಣದ ಕೀಲಿ ಹಿಡಿದು ಬೀದಿ ಬೀದಿ ತಿರುಗಿ ನೀರು ಬಿಡುವ ಕೆಲಸ. ನಲ್ಲಿಯಲ್ಲಿ ಗಾಳಿ ಸುಯ್ಗುಟ್ಟಿದ ಕೂಡಲೇ “ಇನ್ನು ಹತ್ತು ನಿಮಿಷಕ್ಕೆ ನೀರು” ಎಂದುಬಿಡುತ್ತಿದ್ದ. ಅಷ್ಟು ಚುರುಕು ಕಿವಿ. ಮಾದಯ್ಯನಿಗೆ ಒಂದು ಸೈಕಲ್ ರಿಪೇರಿ ಅಂಗಡಿ ಇತ್ತು. ಒಬ್ಬ ಇಗರ್ಜಿಗೆ ಹೋಗುವವನು, ಇನ್ನೊಬ್ಬ ಮಾದಪ್ಪನ ಒಕ್ಕಲು. ಆದರೂ ಒಬ್ಬರನ್ನೊಬ್ಬರು “ಭಾವ, ಭಾವ” ಎಂದೇ ಕರೆದು ಹಂಗಿಸುತ್ತಿದ್ದರು. ಚೌರಪ್ಪ ಎತ್ತರದ ಸ್ವರ ಹಿಡಿದರೆ ಮಾದಯ್ಯ ಕೆಳಗಿನದು ಹಿಡಿಯುತ್ತಿದ್ದ. ಒಬ್ಬನಿಗೆ ಉಸಿರು ಸಾಲದೆ ಬಂದರೆ ಇನ್ನೊಬ್ಬ ಸದ್ದಿಲ್ಲದೆ ಆ ಜಾಗ ತುಂಬುತ್ತಿದ್ದ. ಕೇಳುವವರಿಗೆ ಗೊತ್ತಾಗುತ್ತಿರಲಿಲ್ಲ, ನಮಗೆ ಗೊತ್ತಾಗುತ್ತಿತ್ತು.

ರತ್ನಂ ಮಾಸ್ಟರ್ ತಾವೇ ಕಟ್ಟಿದ ಒಂದು ಮಟ್ಟು ಇತ್ತು. ಮದುಮಗಳು ಹೊಸ್ತಿಲು ದಾಟುವಾಗ ನುಡಿಸುವುದು. ಅದಕ್ಕೆ ಬ್ಯಾಂಡಿನವರು ಬಾಗಿಲ ಮಟ್ಟು ಎನ್ನುತ್ತಿದ್ದರು. ಅದರ ಮೂರನೆಯ ಸಾಲು ಎರಡನೆಯ ಬೆರಳಿನಿಂದಲೇ ಎದ್ದು ಮೇಲಕ್ಕೆ ಹೋಗುತ್ತದೆ. ಆ ಸಾಲು ಬಂದಾಗ ಚೌರಪ್ಪ ಕಣ್ಣು ಮುಚ್ಚುತ್ತಿದ್ದ.

ಪ್ರತಿ ವರ್ಷ ಆಯುಧ ಪೂಜೆಗೆ ನಮ್ಮನ್ನೆಲ್ಲ ಬಿಚ್ಚಿ ಹುಣಸೆಹಣ್ಣು ಹಾಕಿ ತೊಳೆಯುವ ಪದ್ಧತಿ. ಅದರಲ್ಲಿ ಭಾವಂದಿರು ಒಂದು ಒಪ್ಪಂದ ಮಾಡಿಕೊಂಡಿದ್ದರು. “ಪೂಜೆ ನಿಂದು, ತೊಳೆಯೋದು ನಂದು” ಎನ್ನುತ್ತಿದ್ದ ಚೌರಪ್ಪ. ಅದಕ್ಕೆ ಬದಲಾಗಿ ಕ್ರಿಸ್ಮಸ್ ದಿನ ಇಗರ್ಜಿಯ ಮುಂದೆ ಮೊದಲ ಸ್ವರ ಊದುವುದು ಮಾದಯ್ಯನ ಪಾಲು. ಚೌರಪ್ಪನಿಗೆ ತೊಳೆಯುವುದರಲ್ಲಿ ಬಲು ನಿಗಾ. ಮೊದಲು ಅಣ್ಣನನ್ನು ಬಿಚ್ಚಿ, ತೊಳೆದು, ಒರೆಸಿ, ಜೋಡಿಸಿ ಮುಗಿಸಿದ ಮೇಲೇ ನನ್ನನ್ನು ಮುಟ್ಟುತ್ತಿದ್ದ.

ಆ ಒಂದು ವರ್ಷ ಮಾತ್ರ ಹಾಗೆ ಮಾಡಲಿಲ್ಲ. ಅವನ ಮಗಳು ರೆಜಿನಾಳಿಗೆ ಮದುವೆ ಗೊತ್ತಾಗಿತ್ತು. ಗಂಡಿನ ಕಡೆಯವರು ಬರುವ ಹೊತ್ತು, ಪಾದ್ರಿಗಳ ಹತ್ತಿರ ಹೋಗಿ ಹೆಸರು ಬರೆಸಬೇಕು, ಮನೆಯಲ್ಲಿ ಹೆಂಡತಿ ಕಾಯುತ್ತಿದ್ದಾಳೆ. ಮಾದಯ್ಯ ಬೂದುಗುಂಬಳ ತರಲು ಮಾರ್ಕೆಟ್ಟಿಗೆ ಹೋಗಿದ್ದ. ಚೌರಪ್ಪ ನಮ್ಮಿಬ್ಬರನ್ನೂ ಒಟ್ಟಿಗೇ ಬಿಚ್ಚಿ ಆರೂ ಪಿಸ್ಟನ್ನುಗಳನ್ನು ಒಂದೇ ಬಾನಿಗೆ ಹಾಕಿಬಿಟ್ಟ! ಅಯ್ಯೋ, ಅಲ್ಲೇ ಕೂಗಿಕೊಳ್ಳೋಣ ಎನ್ನಿಸಿತು. ಆದರೆ ಕೂಗುವ ಬಾಯಿ ಹುಣಸೆ ನೀರಿನಲ್ಲಿ ಅದ್ದಿತ್ತು. ಎತ್ತಿ ಜೋಡಿಸುವಾಗ ಅವನು ನೋಡಿದ್ದು ದೊಡ್ಡ ಅಂಕಿಯನ್ನು ಮಾತ್ರ. ಒಂದನೆಯವು, ಮೂರನೆಯವು ಅದೃಷ್ಟಕ್ಕೆ ಅವರವರಿಗೇ ಬಂದವು. ಎರಡನೆಯದು ಅದಲುಬದಲಾಯಿತು. ಅಣ್ಣನದು ನನ್ನ ಹೊಟ್ಟೆಗೆ, ನನ್ನದು ಅಣ್ಣನ ಹೊಟ್ಟೆಗೆ.

ಅಣ್ಣನ ಪಿಸ್ಟನ್ ನನಗೆ ಎಳೆಯಷ್ಟು ದಪ್ಪ. ಗುಂಡಿ ಬಿಗಿಯಾಯಿತು. “ಹುಣಸೆ ಕೊಳೆ ಕೂತಿರ್ಬೇಕು” ಎಂದು ಚೌರಪ್ಪ ಇನ್ನೆರಡು ತೊಟ್ಟು ಎಣ್ಣೆ ಬಿಟ್ಟ. ಅತ್ತ ನನ್ನ ಪಿಸ್ಟನ್ ಅಣ್ಣನಿಗೆ ಎಳೆಯಷ್ಟು ಸಣ್ಣ; ಗಾಳಿ ಸೋರಿ ಅವನ ದನಿ ಇಳಿಯಿತು. ಮಾದಯ್ಯ ಕೆಮ್ಮಿ ಕೆಮ್ಮಿ ಎದೆ ನೀವಿಕೊಂಡ. ಯಾರೂ ಒಳಗೆ ಇಣುಕಲಿಲ್ಲ.

ನಾಲ್ಕು ವಾರದ ಮೇಲೆ ರೆಜಿನಾಳ ಮದುವೆ. ಮಗಳು ಇಗರ್ಜಿಯ ಬಾಗಿಲು ದಾಟುವಾಗ ತಾನೇ ಬಾಗಿಲ ಮಟ್ಟು ಊದಬೇಕೆಂದು ಚೌರಪ್ಪ ವರ್ಷಗಳಿಂದ ಹೇಳಿಕೊಂಡು ಬಂದಿದ್ದ. ಒಳಗೆ ಪೂಜೆ ನಡೆಯುವಷ್ಟು ಹೊತ್ತೂ ನಾವು ಹೊರಗಿನ ಕಲ್ಲು ಮೆಟ್ಟಿಲ ಮೇಲೆ ಬಿಸಿಲಿಗೆ ಬಿದ್ದಿದ್ದೆವು. ಮೈ ಕಾದು ಕೆಂಡವಾಗಿತ್ತು, ಮೊದಲೇ ಬಿಗಿಯಾಗಿದ್ದ ಪಿಸ್ಟನ್ ಇನ್ನೂ ಬಿಗಿದಿತ್ತು. ಹನ್ನೆರಡಕ್ಕೆ ಗಂಟೆ ಹೊಡೆಯಿತು, ಬಿಳಿ ಸೀರೆಯ ರೆಜಿನಾ ಬಾಗಿಲಲ್ಲಿ ಕಾಣಿಸಿಕೊಂಡಳು. ಚೌರಪ್ಪ ನನ್ನನ್ನು ತುಟಿಗೇರಿಸಿದ. ಮೊದಲ ಸಾಲು ಚೆಂದ, ಎರಡನೆಯದೂ ಚೆಂದ. ಮೂರನೆಯ ಸಾಲಿಗೆ ಎರಡನೆಯ ಬೆರಳು ಒತ್ತಿದ. ಪಿಸ್ಟನ್ ಕೆಳಗೆ ಹೋಯಿತು, ಮೇಲೆ ಬರಲೇ ಇಲ್ಲ. “ಪ್ವಾಂ… ಪ್ವಾಂ…” ಎಂದು ಎಮ್ಮೆಕರು ಅರಚಿದ ಹಾಗೆ ಅರಚಿದೆ. ಆ ನಾಚಿಕೆ ಇವತ್ತಿಗೂ ಹೋಗಿಲ್ಲ.

ಗಂಡಿನ ಕಡೆಯವರು ಗೊಳ್ಳೆಂದು ನಕ್ಕರು. ಪಕ್ಕದಲ್ಲಿದ್ದ ಮಾದಯ್ಯ ಥಟ್ಟನೆ ಅಣ್ಣನನ್ನೆತ್ತಿ ಮೇಲಿನ ಸ್ವರ ಹಿಡಿದ, ಯಾವಾಗಲೂ ಮಾಡುವ ಹಾಗೆ ಖಾಲಿ ಜಾಗ ತುಂಬಲು. ಸೋರುವ ಗಾಳಿಯಲ್ಲೂ ಸಾಲು ಮುಗಿಸಿದ. ಅದೇ ತಪ್ಪಾಯಿತು. ಚೌರಪ್ಪ ಅವನ ಕಡೆ ತಿರುಗಿ ಎಲ್ಲರ ಮುಂದೆ ಕಿರುಚಿದ: “ಕಾಯ್ಕೊಂಡ್ ಕೂತಿದ್ದೆ ಅಲ್ವೇನೋ? ಹೊಟ್ಟೆಕಿಚ್ಚಿಗೆ ನೀನೇ ಏನೋ ಮಾಡಿದ್ದೀಯ ಇದಕ್ಕೆ! ನನ್ ಮಗಳ ಮದುವೆ ದಿನಾನೇ ಬೇಕಿತ್ತಾ?”

ಮಾದಯ್ಯ ಅಣ್ಣನನ್ನು ಕಂಕುಳಲ್ಲಿಟ್ಟುಕೊಂಡು ಮೆಟ್ಟಿಲು ಇಳಿದು ಹೋದ. ಇಗರ್ಜಿಯ ಅಂಗಳದಲ್ಲೇ ಊಟಕ್ಕೆ ಎಲೆ ಹಾಕಿದ್ದರು, ಪಾಯಸ ಬಡಿಸುತ್ತಿದ್ದರು. ರೆಜಿನಾ ಸೆರಗು ಹಿಡಿದುಕೊಂಡು ಗೇಟಿನವರೆಗೂ ಓಡಿ “ಮಾಮಾ, ಊಟ ಮಾಡ್ಕೊಂಡ್ ಹೋಗಿ” ಎಂದು ಕೂಗಿದಳು. ಅವನು ತಿರುಗಿ ನೋಡಲಿಲ್ಲ. ಮದುವೆ ಮನೆಯಿಂದ ಉಣ್ಣದೆ ಹೋದವನನ್ನು ಮತ್ತೆ ಹೇಗೆ ಕರೆಯುವುದು? ಚೌರಪ್ಪ ಕರೆಯಲೂ ಇಲ್ಲ. ಆ ಸಂಜೆಯೇ ನನ್ನನ್ನು ಹಳೆಯ ಪಂಚೆಯಲ್ಲಿ ಸುತ್ತಿ ಅಟ್ಟಕ್ಕೆಸೆದ. ಮಾದಯ್ಯ ಸ್ವಲ್ಪ ದಿನಕ್ಕೆ ಅಂಗಡಿ ಎತ್ತಿ ನಂಜನಗೂಡಿಗೆ ಹೋದನಂತೆ.

ಅಟ್ಟದ ಮೇಲಿನ ವರ್ಷಗಳ ಬಗ್ಗೆ ಹೇಳುವುದಕ್ಕೆ ಹೆಚ್ಚೇನಿಲ್ಲ. ಸ್ಪ್ರಿಂಗುಗಳಿಗೆ ತುಕ್ಕು ಹಿಡಿಯಿತು. ಗುಂಡಿಯ ಮೇಲಿದ್ದ ಚಿಪ್ಪಿನ ಬಿಲ್ಲೆಗಳಲ್ಲಿ ಒಂದು ಎಲ್ಲೋ ಉದುರಿತು. ಎಂಜಲು ನೀರು ಬಸಿಯುವ ತೂತಿನ ಬಿರಡೆ ಒಣಗಿ ಪುಡಿಯಾಯಿತು. ತುಟಿಗೆ ಹಿಡಿಯುವ ತುದಿಯನ್ನು, ಅದಕ್ಕೆ ಮೌತ್‌ಪೀಸ್ ಎನ್ನುತ್ತಾರೆ, ಯಾರೋ ಎಂದೋ ಕಳಚಿಕೊಂಡು ಹೋದರು. ಅಣ್ಣನ ಪಿಸ್ಟನ್ ಮಾತ್ರ ಒತ್ತಿದಲ್ಲೇ ಕಚ್ಚಿಕೊಂಡು ಹಾಗೇ ಇತ್ತು.

ಒಂದು ದಿನ ಪಂಚೆಯ ಗಂಟು ಬಿಚ್ಚಿದವು ಎರಡು ಕೈಗಳು. ಬೆರಳ ತುಂಬ ಸೂಜಿ ಚುಚ್ಚಿದ ಗುರುತು, ಉಗುರಿನಲ್ಲಿ ಎಣ್ಣೆ. ರೆಜಿನಾ! ಕೂದಲು ನರೆತಿತ್ತು. ಗಂಡ ತೀರಿಕೊಂಡ ಮೇಲೆ ಅಪ್ಪನ ಮನೆಯ ಮುಂಭಾಗದಲ್ಲೇ ಹೊಲಿಗೆ ಮಷಿನ್ ರಿಪೇರಿ ಅಂಗಡಿ ಇಟ್ಟಿದ್ದಳು. ಚಿಕ್ಕಂದಿನಿಂದಲೂ ಯಾವುದನ್ನು ಕಂಡರೂ ಬಿಚ್ಚಿ ನೋಡುವ ಚಾಳಿ ಅವಳದು.

ಕೆಳಗೆ ಕುರ್ಚಿಯಲ್ಲಿ ಚೌರಪ್ಪ ಕೂತಿದ್ದ. ಎಪ್ಪತ್ತೊಂಬತ್ತು ವರ್ಷ, ಬಾಯಲ್ಲಿ ಒಂದೂ ಹಲ್ಲಿಲ್ಲ. ಅದಕ್ಕಿಂತ ದೊಡ್ಡ ಸಂಕಟ ಕಿವಿಯದು. ಎಡಗಿವಿ ಪೂರ್ತಿ ಹೋಗಿತ್ತು, ಬಲಗಿವಿ ಹೋಗುತ್ತಾ ಇತ್ತು. ಆರು ತಿಂಗಳಿದ್ದರೆ ಹೆಚ್ಚು, ಆಮೇಲೆ ಮಷಿನ್ ಹಾಕಿದರೂ ಕೇಳಿಸದು ಎಂದು ಡಾಕ್ಟರು ಹೇಳಿದ್ದರು. ಮನೆಗೆ ಬಂದವನೇ ಅವನು ಮಗಳಿಗೆ ಹೇಳಿದ ಮಾತು ಒಂದೇ: “ಪೂರ್ತಿ ಮುಚ್ಕೊಳ್ಳೋಕ್ ಮುಂಚೆ ಅದರ ದನಿ ಒಂದ್ಸಲ ಕೇಳ್ಬೇಕು ಕಣಮ್ಮ. ಆ ಬಾಗಿಲ ಮಟ್ಟು. ಅರ್ಧಕ್ಕೆ ನಿಂತೋಯ್ತಲ್ಲ, ಅದು.”

ರೆಜಿನಾ ನನ್ನನ್ನು ಮೇಜಿನ ಮೇಲಿಟ್ಟು ಸುತ್ತ ತಿರುಗಿಸಿ ನೋಡಿದಳು. “ಏನಪ್ಪಾ ಇದರ ಕಥೆ?” ಎಂದಳು ಗಟ್ಟಿಯಾಗಿ. ನನ್ನ ಬಗ್ಗೆ ಅಷ್ಟು ಆಸೆಯಿಂದ ಕೇಳಿದವರು ಅವಳೊಬ್ಬಳೇ.

ಆಮೇಲೆ ಶುರುವಾಯಿತು ನೋಡಿ ಹುಡುಕಾಟ. ಮೊದಲು ಸೀಮೆಎಣ್ಣೆಯಲ್ಲಿ ನೆನೆಹಾಕಿದಳು, ಆಮೇಲೆ ಮಷಿನ್ ಎಣ್ಣೆ. ಸ್ಪ್ರಿಂಗ್ ಎಲ್ಲಿ ಸಿಗಬೇಕು? ಪೆನ್ನಿನದು ಹಾಕಿ ನೋಡಿದಳು, ಬೀಗದ್ದು ಹಾಕಿ ನೋಡಿದಳು. ಒಂದು ಸೊರಗಿತು, ಇನ್ನೊಂದು ಸಿಡಿದು ಫ್ಯಾನಿಗೆ ಬಡಿಯಿತು. ಕೊನೆಗೆ ಹೊಲಿಗೆ ಮಷಿನ್ನಿನಲ್ಲಿ ಬಟ್ಟೆಯನ್ನು ಒತ್ತಿ ಹಿಡಿಯುವ ಪಾದಕ್ಕೆ ಇರುತ್ತದಲ್ಲ, ಆ ಸ್ಪ್ರಿಂಗನ್ನು ಅಳೆದು ಕತ್ತರಿಸಿದಳು. ಮೂರಕ್ಕೂ ಸರಿಹೋಯಿತು. ಚಿಪ್ಪಿನ ಬಿಲ್ಲೆಗೆ ಹಳೆಯ ಶೇರ್ವಾನಿಯೊಂದರ ಗುಂಡಿ ಉಜ್ಜಿ ತೆಳ್ಳಗೆ ಮಾಡಿದಳು. ಬಿರಡೆಗೆ ಹೋಮಿಯೋಪತಿ ಡಾಕ್ಟರ ಹತ್ತಿರ ಹೋಗಿ ಒಂದು ಖಾಲಿ ಸೀಸೆ ಬೇಡಿದಳು. “ಏನಮ್ಮ ಕಾಯಿಲೆ?” ಎಂದು ಅವರು ಕೇಳಿದ್ದಕ್ಕೆ “ನನಗಲ್ಲ ಸಾರ್, ಟ್ರಂಪೆಟ್ಟಿಗೆ. ಎಂಜಲು ಸೋರ್ತದೆ” ಎಂದಳಂತೆ. ಬಂದು ಅಪ್ಪನಿಗೆ ಹೇಳಿ ತಾನೇ ನಕ್ಕಳು.

ಮೌತ್‌ಪೀಸ್ ಮಾತ್ರ ಸತಾಯಿಸಿತು. ಸಂತೆಪೇಟೆಯ ಗುಜರಿ ಅಂಗಡಿಗಳನ್ನೆಲ್ಲ ಜಾಲಾಡಿದಳು. ಬೆಂಗಳೂರಿಗೂ ಒಂದು ಸಲ ಹೋಗಿ ಬಂದಳು. ತಂದ ನಾಲ್ಕರಲ್ಲಿ ಒಂದೂ ನನ್ನ ಕತ್ತಿಗೆ ಕೂರಲಿಲ್ಲ. ಒಂದು ಭಾನುವಾರ ಮನೆಯ ಪೀಠದ ಮೇಲಿನ ಮಾತೆಯ ಪ್ರತಿಮೆಯ ಮುಂದೆ ಮೊಂಬತ್ತಿ ಹಚ್ಚಲು ಹೋದವಳು ಹಾಗೇ ನಿಂತುಬಿಟ್ಟಳು. ಮೊಂಬತ್ತಿಯ ಬಟ್ಟಲನ್ನು ಕಿತ್ತು ಬಿಸಿನೀರಿಗೆ ಹಾಕಿದಳು. ಮೇಣವೆಲ್ಲ ಕರಗಿದ ಮೇಲೆ ನೋಡಿದರೆ ನನ್ನ ಮೌತ್‌ಪೀಸ್! ಅವಳ ತಾಯಿ ಎಂದೋ ಅದನ್ನು ಒಂದು ಮರದ ತುಂಡಿಗೆ ಸಿಗಿಸಿ ಮೊಂಬತ್ತಿ ನಿಲ್ಲಿಸಲು ಇಟ್ಟಿದ್ದಳು. ಚೌರಪ್ಪ ಅಷ್ಟು ವರ್ಷ ದಿನಾ ಅದರ ಮುಂದೆಯೇ ಮೊಣಕಾಲೂರುತ್ತಿದ್ದ.

ಪಿಸ್ಟನ್ನುಗಳಲ್ಲಿ ಒಂದನೆಯದು ಮೂರನೆಯ ದಿನಕ್ಕೆ ಹೊರಬಂತು, ಮೂರನೆಯದು ಐದನೆಯ ದಿನಕ್ಕೆ. ಎರಡನೆಯದು ಜಪ್ಪಯ್ಯ ಅನ್ನಲಿಲ್ಲ. ರೆಜಿನಾ ಸುತ್ತಿಗೆ ಎತ್ತುವವಳಲ್ಲ. ಕುದಿನೀರು ಸುರಿದಳು, ಎಣ್ಣೆ ಬಿಟ್ಟಳು, ಮರುದಿನ ಮತ್ತೆ ಸುರಿದಳು. ಹನ್ನೊಂದನೆಯ ದಿನ ಅದು ಸುಮ್ಮನೆ ಜಾರಿ ಅವಳ ಅಂಗೈಗೆ ಬಂತು. ಒರೆಸಿ ಮತ್ತೆ ಹಾಕಿದಳು, ಸಿಕ್ಕಿಕೊಂಡಿತು. ಮತ್ತೆ ತೆಗೆದು ಪಾಲಿಷ್ ಮಾಡಿದಳು, ಮತ್ತೆ ಸಿಕ್ಕಿಕೊಂಡಿತು.

ಕೈಗಾರಿಕಾ ವಸಾಹತಿನಲ್ಲಿ ಲೇತ್ ಇಟ್ಟುಕೊಂಡಿದ್ದ ಶಿವನಂಜುವಿನ ಹತ್ತಿರ ಒಯ್ದಳು. ಅವನು ಅಳತೆ ಹಿಡಿದು ನೋಡಿ ತಲೆಯಾಡಿಸಿದ. “ಅಕ್ಕಾ, ಇದು ಕೂದಲೆಳೆ ವ್ಯವಹಾರ. ತೀಡೋಕ್ ಹೋದ್ರೆ ಇದೂ ಹಾಳು, ಇದರ ಮನೇನೂ ಹಾಳು. ಒಂದ್ ಮಾತ್ ಹೇಳ್ಲಾ? ಆ ಎರಡೂ ಸಲೀಸಾಗವೆ. ಇದೊಂದು ಇದರದ್ದಲ್ಲ ಅನ್ಸುತ್ತೆ.”

ಭಲೇ ಶಿವನಂಜು! ನಾನು ಮೂವತ್ತೊಂದು ವರ್ಷದಿಂದ ಹೇಳಬೇಕೆಂದಿದ್ದ ಮಾತು ಅವನ ಬಾಯಲ್ಲಿ ಬಂತು.

ರೆಜಿನಾ ಮನೆಗೆ ಬಂದವಳೇ ಸೂಜಿಗೆ ದಾರ ಪೋಣಿಸುವಾಗ ಹಿಡಿಯುವ ಭೂತಗನ್ನಡಿ ತಂದಳು. ಮೂರು ಪಿಸ್ಟನ್ನುಗಳನ್ನು ಸಾಲಾಗಿ ಮಲಗಿಸಿ ಕಿಟಕಿಯ ಬೆಳಕಿನಲ್ಲಿ ಬಗ್ಗಿದಳು. ಆ ಸಾಸಿವೆ ಅಂಕಿಗಳನ್ನು ಕಡೆಗೂ ಒಬ್ಬರು ಓದಿದರು. ಅವಳು ಮತ್ತೆ ನನ್ನ ಮೈಮೇಲಿನ 4118 ನೋಡಿದಳು, ಮತ್ತೆ ಪಿಸ್ಟನ್ ನೋಡಿದಳು. ಅಪ್ಪನಿಗೆ ಕೂಗಿ ಹೇಳಿದರೆ ಅರ್ಧ ಕೇಳಿಸುತ್ತದೆ, ಅರ್ಧ ಇಲ್ಲ. ಹಾಗಾಗಿ ಒಂದು ಕಪ್ಪು ಬಟ್ಟೆ ಹಾಸಿ, ಪಿಸ್ಟನ್ನುಗಳನ್ನು ಸಾಲಾಗಿಟ್ಟು, ಒಂದೊಂದರ ಕೆಳಗೂ ಅದರ ಅಂಕಿಯನ್ನು ಟೈಲರ್ ಚಾಕಿನಲ್ಲಿ ದೊಡ್ಡದಾಗಿ ಬರೆದಳು: 18, 17, 18.

ಚೌರಪ್ಪ ಬಟ್ಟೆಯನ್ನೇ ನೋಡಿದ. “ಹದಿನೇಳು ಮಾದಯ್ಯಂದು” ಎಂದ. ಆಮೇಲೆ ಉತ್ಸಾಹದಿಂದ “ನೋಡ್ದಾ? ಅವ್ನೇ ಬದಲಾಯ್ಸಿದ್ದಾನೆ! ನಾನ್ ಹೇಳಿರ್ಲಿಲ್ವಾ?” ಎಂದ.

ರೆಜಿನಾ ಅವನ ಬಲಗಿವಿಯ ಹತ್ತಿರ ಬಾಗಿದಳು. “ಅಪ್ಪಾ, ಇವನ್ನ ಬಿಚ್ಚೋದು ಯಾವಾಗ?”

“ಆಯುಧ ಪೂಜೆಗೆ.”

“ಬಿಚ್ಚಿ ತೊಳೀತಿದ್ದಿದ್ದು ಯಾರು?”

ಚೌರಪ್ಪನ ಬೆರಳು ಆ 17ರ ಮೇಲೆ ಓಡಾಡಿ ಚಾಕಿನ ಗೆರೆ ಅಳಿಸಿಹೋಯಿತು. ಯಾರಿಗೋ ಅಲ್ಲ ತನಗೇ ಹೇಳಿಕೊಳ್ಳುವ ಹಾಗೆ, “ಒಂದೇ ಬಾನೀಲಿ ಹಾಕ್ದೆ. ಪಾದ್ರಿಗಳ ಹತ್ರ ಹೋಗ್ಬೇಕಿತ್ತು… ಒಂದೇ ಬಾನೀಲಿ ಹಾಕ್ಬಿಟ್ಟೆ” ಎಂದ.

“ಹಾಗಾದ್ರೆ ಇದರದ್ದು ಅವರ ಹತ್ರ ಇರುತ್ತೆ. ನಾಳೆ ಹೋಗೋಣ” ಎಂದಳು ರೆಜಿನಾ.

“ಬೇಡ.” ಅವನು ಎದ್ದು ನಿಂತ. “ಅಟ್ಟದ ಮೇಲಿಟ್ಬಿಡು ಅದನ್ನ. ನನಗೇನೂ ಕೇಳೋದ್ ಬೇಡ. ಯಾವ ಮುಖ ಇಟ್ಕೊಂಡು ಹೋಗ್ಲಿ?”

ರೆಜಿನಾ ಜಗಳವಾಡಲಿಲ್ಲ, ಅಟ್ಟಕ್ಕೂ ಹಾಕಲಿಲ್ಲ. ಮೂರು ದಿನ ನಾನು ಮೇಜಿನ ಮೇಲೆ ಹೊಟ್ಟೆ ಬಿಚ್ಚಿಕೊಂಡು ಮಲಗಿದ್ದೆ. ಚೌರಪ್ಪ ನನ್ನನ್ನು ಬಳಸಿಕೊಂಡು ಗೋಡೆ ಪಕ್ಕದಲ್ಲಿ ಓಡಾಡಿದ. ನನಗೂ ಕೋಪ ಬಂದಿತ್ತು ಎಂದು ಹೇಳಿಬಿಡುತ್ತೇನೆ. ಇಷ್ಟು ಹತ್ತಿರ ಬಂದು ಮತ್ತೆ ಅಟ್ಟವೇ?

ನಾಲ್ಕನೆಯ ಬೆಳಗ್ಗೆ ಚೌರಪ್ಪ ನಲ್ಲಿಯ ಪಕ್ಕದ ಕಟ್ಟೆಯ ಮೇಲೆ, ನಲ್ಲಿಗೆ ಬೆನ್ನು ಮಾಡಿ, ಬಿಸಿಲು ಕಾಯಿಸುತ್ತಾ ಕೂತಿದ್ದ. ನೀರು ಬಂತು. ಕೊಡ ತುಂಬಿತು, ಉಕ್ಕಿತು, ಅಂಗಳವೆಲ್ಲ ಹರಿಯಿತು. ಅವನು ಅಲುಗಲಿಲ್ಲ. ಪಾದ ಒದ್ದೆಯಾದಾಗಲೇ ಕೆಳಗೆ ನೋಡಿದ. ರೆಜಿನಾ ಓಡಿ ಬಂದು ನಲ್ಲಿ ನಿಲ್ಲಿಸಿದಳು. ಇಡೀ ಬೀದಿಗೆ ನೀರು ಬಿಟ್ಟ ಮನುಷ್ಯ ತನ್ನ ಒದ್ದೆ ಕಾಲನ್ನೇ ನೋಡುತ್ತಾ ಕೂತ. ಕಣ್ಣಲ್ಲೂ ನೀರಿತ್ತು.

“ಇಸ್ತ್ರಿ ಅಂಗಿ ಕೊಡು. ನಂಜನಗೂಡಿಗೆ ಹೋಗ್ಬರೋಣ” ಎಂದ.

ಅಕ್ಕಿ ಚೀಲದಲ್ಲಿ ನನ್ನನ್ನು ಹಾಕಿಕೊಂಡು ಬಸ್ಸು ಹತ್ತಿದರು. ಮಾದಯ್ಯನ ಸೈಕಲ್ ಅಂಗಡಿ ಹೊಳೆ ಕಡೆಯ ಬೀದಿಯಲ್ಲಿತ್ತು. ಎಪ್ಪತ್ತಾರಾದರೂ ಬೆನ್ನು ನೆಟ್ಟಗೆ, ಮುಂದಿನ ಹಲ್ಲುಗಳೆಲ್ಲ ಭದ್ರ. ಒಂದು ಸ್ಪ್ಯಾನರ್ ಹಿಡಿದು ಚಕ್ರದ ಮುಂದೆ ಕೂತಿದ್ದ. ತಲೆಯೆತ್ತಿ ನೋಡಿದ, ಗುರುತು ಹಿಡಿದ, ಮತ್ತೆ ಚಕ್ರಕ್ಕೆ ಬಗ್ಗಿದ.

ಚೌರಪ್ಪ ಕೂರಲೂ ಇಲ್ಲ. “ತಪ್ಪು ನಂದು ಕಣೋ ಮಾದಯ್ಯ” ಎಂದ. ಕಿವಿ ಕೇಳದವರ ಹಾಗೆ ಬೀದಿಗೆಲ್ಲ ಕೇಳುವಷ್ಟು ಜೋರಾಗಿ ಹೇಳಿದ. “ಆ ಆಯುಧ ಪೂಜೆ ದಿನ ಅರ್ಜೆಂಟಲ್ಲಿ ಎರಡನ್ನೂ ಒಂದೇ ಬಾನೀಲಿ ತೊಳೆದೆ. ನಿಂದು ನಂದರಲ್ಲಿ ಸೇರ್ಕೊಂಡಿದೆ, ನಂದು ನಿಂದರಲ್ಲಿ. ನಿನ್ನ ಅಷ್ಟು ಜನದ ಮುಂದೆ ಅಂದೆ. ನಿನ್ ತಪ್ಪು ಏನೂ ಇರ್ಲಿಲ್ಲ.” ರೆಜಿನಾ ಪಿಸ್ಟನ್ ಮತ್ತು ಭೂತಗನ್ನಡಿಯನ್ನು ಮಾದಯ್ಯನ ಮುಂದೆ ಹಿಡಿದಳು.

ಮಾದಯ್ಯ ಅಂಕಿ ನೋಡಿದ. ಎದ್ದು ಒಳಗೆ ಹೋಗಿ ಗೋಣಿಚೀಲವೊಂದನ್ನು ತಂದು ಕೊಡವಿದ. ಅದರಿಂದ ಉರುಳಿದ್ದು ನನ್ನ ಅಣ್ಣ. ಅಯ್ಯೋ ಅಣ್ಣಾ! ಬಾಯಿಯೇ ಇರಲಿಲ್ಲ. ಅಗಲದ ಭಾಗವನ್ನು ಗರಗಸದಲ್ಲಿ ಕೊಯ್ದು ಸೀಮೆಎಣ್ಣೆಯ ಆಲಿಕೆ ಮಾಡಿಕೊಂಡಿದ್ದರು. ಆ ಆಲಿಕೆ, ಮತ್ತೆ ಬೆಸೆಯಲಾಗದಷ್ಟು ತೂತುಬಿದ್ದು, ಅಂಗಡಿಯ ಮೊಳೆಯಲ್ಲಿ ನೇತಾಡುತ್ತಿತ್ತು. ಉಳಿದ ಮೈ ಹಸಿರುಗಟ್ಟಿತ್ತು. ಮಾದಯ್ಯ ಎರಡನೆಯ ಪಿಸ್ಟನ್ ತಿರುಗಿಸಿ ಎಳೆದ. ಸಡಿಲವಾಗಿದ್ದ ಅದು ಸಲೀಸಾಗಿ ಬಂತು. ಕನ್ನಡಿಯಲ್ಲಿ 18 ಕಂಡಿತು.

“ನನ್ ಎದೆ ಹೋಯ್ತು ಅಂದ್ಕೊಂಡಿದ್ದೆ ಕಣೋ” ಎಂದ ಮಾದಯ್ಯ. “ಊದಿದ್ರೆ ದನೀನೇ ಬರ್ತಿರ್ಲಿಲ್ಲ. ಆಸ್ಪತ್ರೆಗೆ ಹೋದೆ, ಡಾಕ್ಟ್ರು ಎದೆ ಕಲ್ಲಿನ ಹಾಗಿದೆ ಅಂದ್ರು. ನಾನೇ ನಂಬ್ಲಿಲ್ಲ. ನಿನ್ ಬೈಗುಳ ಬಿಡು, ಅದನ್ನ ಯಾವತ್ತೋ ನುಂಗ್ದೆ. ಇದನ್ನ ಹೆಂಗ್ ನುಂಗ್ಲಿ? ಮೂವತ್ತೊಂದ್ ವರ್ಷ ಉಸಿರಿಲ್ದೋನು ಅಂತ ಬದುಕ್ದೆನಲ್ಲೋ!”

ಚೌರಪ್ಪನಿಗೆ ಎಷ್ಟು ಕೇಳಿಸಿತೋ ಗೊತ್ತಿಲ್ಲ. ಮುಖ ನೋಡಿಯೇ ಅವನಿಗೆ ಅರ್ಥವಾಗಿತ್ತು.

“ತಗೊಂಡ್ ಹೋಗು” ಎಂದು ಮಾದಯ್ಯ ನನ್ನ ಪಿಸ್ಟನ್ನನ್ನು ರೆಜಿನಾಳ ಕೈಗಿಟ್ಟು ಬೆನ್ನು ತಿರುಗಿಸಿ ಕೂತ.

ರೆಜಿನಾ ಅಲ್ಲೇ ಅಂಗಡಿಯ ಹಲಗೆಯ ಮೇಲೆ ಕೂತು ಎರಡು ತೊಟ್ಟು ಎಣ್ಣೆ ಬಿಟ್ಟು ನನ್ನ ಪಿಸ್ಟನ್ನನ್ನು ನನ್ನೊಳಗೆ ಇಳಿಸಿದಳು. ಆ ಸುಖ ಹೇಗೆ ಹೇಳಲಿ! ತಡೆಯಿಲ್ಲದೆ, ಸದ್ದಿಲ್ಲದೆ ತನ್ನ ಜಾಗಕ್ಕೆ ಹೋಗಿ ಕೂತಿತು. ಅವಳು ಕುತೂಹಲ ತಡೆಯಲಾರದೆ ತುಟಿಗಿಟ್ಟು ಊದಿದಳು. “ಪುರ್ರ್” ಎಂದೆ. ಚೌರಪ್ಪ ಕಸಿದುಕೊಂಡ. ಹಲ್ಲಿಲ್ಲದ ತುಟಿ ಒಳಕ್ಕೆ ಮಡಚಿಕೊಂಡು ಬರೀ ಎಂಜಲು ಗಾಳಿ ಬಂತು. ಮತ್ತೆ ಊದಿದ. ಮತ್ತೆ ಅದೇ. ಆದರೂ ಮೂರನೆಯ ಸಲ ತುಟಿಗೇರಿಸಿದ.

ಮಾದಯ್ಯ ಸ್ಪ್ಯಾನರ್ ಕೆಳಗೆ ಎಸೆದ. “ಕೊಡೋ ಇಲ್ಲಿ! ಹಂಗೆಲ್ಲ ಊದಿ ಅದರ ಮಾನ ತೆಗೀಬೇಡ.”

ಲುಂಗಿಯಲ್ಲಿ ಕೈ ಒರೆಸಿಕೊಂಡು ನನ್ನನ್ನು ಹಿಡಿದ. ಒಂದು ಗಳಿಗೆ ಹೆದರಿದ, ನನಗೆ ಗೊತ್ತಾಯಿತು. ಆಮೇಲೆ ಎದೆ ತುಂಬ ಉಸಿರೆಳೆದು ಬಿಟ್ಟ. ಅಬ್ಬಾ! ಬೀದಿಯಾಚೆಯ ಪಾರಿವಾಳಗಳೆಲ್ಲ ಒಟ್ಟಿಗೇ ಎದ್ದವು. ಎದುರಿನ ಹೋಟೆಲಿನವನು ಸಾರಣಿಗೆ ಹಿಡಿದೇ ಹೊರಗೆ ಬಂದ. ಮಾದಯ್ಯ ನನ್ನನ್ನು ಇಳಿಸಿ ತನ್ನ ಎದೆ ಮುಟ್ಟಿ ನೋಡಿಕೊಂಡ. “ಇದೆಯಲ್ಲೋ” ಎಂದ, ಮಗುವಿನ ಹಾಗೆ.

ಚೌರಪ್ಪ ಹತ್ತಿರ ಬಂದು ಬಲಗಿವಿಯನ್ನು ನನ್ನ ಬಾಯಿಗೆ ಹತ್ತಿಸಿದ, ಅಂಗೈಯನ್ನು ನನ್ನ ಅಂಚಿಗಿಟ್ಟ. ಮಾದಯ್ಯ ಬಾಗಿಲ ಮಟ್ಟು ಶುರುಮಾಡಿದ. ಮೊದಲ ಸಾಲು, ಎರಡನೆಯ ಸಾಲು. ಮೂರನೆಯದಕ್ಕೆ ಎರಡನೆಯ ಬೆರಳು ಇಳಿಯಿತು, ಎದ್ದಿತು. ಸ್ವರ ಮೇಲಕ್ಕೆ ಹೋಯಿತು. ಚೌರಪ್ಪ ಕಣ್ಣು ಮುಚ್ಚಿದ. ಇಗರ್ಜಿಯ ಬಾಗಿಲಲ್ಲಿ ನಿಂತುಹೋಗಿದ್ದ ಮಟ್ಟು ಸೈಕಲ್ ಅಂಗಡಿಯ ಬಾಗಿಲಲ್ಲಿ ಪೂರ್ತಿಯಾಯಿತು. ರೆಜಿನಾ ಸೆರಗಿನಿಂದ ಕಣ್ಣೊರೆಸಿಕೊಂಡು, “ಮಾಮಾ, ನನ್ನ ಮದುವೆ ಊಟ ನೀವು ಮಾಡೇ ಇಲ್ಲ. ಭಾನುವಾರ ಬನ್ನಿ” ಎಂದಳು.

ಮಾದಯ್ಯ ಮೂಗು ಒರೆಸಿಕೊಂಡ. “ಆ ಪಾಯಸ ಇನ್ನೂ ಹಳಸಿಲ್ವೇನಮ್ಮ?” ಎಂದ.

ಭಾನುವಾರ ಬಂದ. ಆಮೇಲೂ ಬರುತ್ತಲೇ ಇದ್ದಾನೆ. ನಾನೀಗ ರೆಜಿನಾಳ ಅಂಗಡಿಯ ಗೋಡೆಯಲ್ಲಿ, ಹೊಲಿಗೆ ಮಷಿನ್ನುಗಳ ನಡುವೆ ತೂಗಿಕೊಂಡಿದ್ದೇನೆ. ಪಕ್ಕದ ಮೊಳೆಯಲ್ಲಿ ಅಣ್ಣ. ಅವನ ಪಿಸ್ಟನ್ ಅವನಿಗೆ ಸೇರಿದೆ. ಬಾಯಿಗಾಗಿ ರೆಜಿನಾ ಇನ್ನೂ ಗುಜರಿ ಅಂಗಡಿ ಸುತ್ತುತ್ತಿದ್ದಾಳೆ. ಸಿಗುತ್ತದೋ ಇಲ್ಲವೋ. ನನಗೂ ವಯಸ್ಸಾಯಿತು, ಮೆರವಣಿಗೆಯ ಆಸೆಯಿಲ್ಲ. ಒಂದೇ ಯೋಚನೆ ಆಗಾಗ ಬರುತ್ತದೆ: ಅಷ್ಟು ಜನ ನನ್ನನ್ನು ಊದಿದರು, ತೊಳೆದರು, ಪೂಜೆ ಮಾಡಿದರು, ಆ ಸಣ್ಣ ಅಂಕಿಯನ್ನು ಓದಬೇಕೆಂದು ಒಬ್ಬಳಿಗೆ ಮಾತ್ರ ಅನ್ನಿಸಿತಲ್ಲ!

ಕ್ರಿಸ್ಮಸ್ಸಿಗೆ ಮುಂಚೆಯೇ ಚೌರಪ್ಪನ ಬಲಗಿವಿಯೂ ಪೂರ್ತಿ ಮುಚ್ಚಿತು. ಈಗ ನಾನು ಎಷ್ಟೇ ಕೂಗಿದರೂ ಅವನಿಗೆ ಕೇಳಿಸದು. ಮೊನ್ನೆ ಊಟವಾದ ಮೇಲೆ ಇಬ್ಬರೂ ನನ್ನ ಕೆಳಗಿನ ಬೆಂಚಿನಲ್ಲಿ ಕೂತಿದ್ದರು. ಮಾದಯ್ಯ ನನ್ನನ್ನು ಮೊಳೆಯಿಂದ ತೆಗೆಯಲಿಲ್ಲ. ಚೌರಪ್ಪನ ಮುಂಗೈ ಎಳೆದುಕೊಂಡು ಅದರ ಮೇಲೆ ಮೂರು ಬೆರಳಿಟ್ಟು, ಒಂದೊಂದಾಗಿ ಒತ್ತುತ್ತಾ ಹೋದ. ಬಾಗಿಲ ಮಟ್ಟು. ಚೌರಪ್ಪ ಕಣ್ಣು ಮುಚ್ಚಿ ತಲೆದೂಗಿದ. ಮೂರನೆಯ ಸಾಲಿಗೆ ಬಂದಾಗ ಥಟ್ಟನೆ ಕಣ್ಣು ಬಿಟ್ಟು, ಬೀದಿಗೆಲ್ಲ ಕೇಳುವ ಹಾಗೆ ಗದರಿದ:

“ಎರಡನೇ ಬೆರಳು ತಡವಾಯ್ತು ಭಾವ. ಇನ್ನೊಂದ್ಸಲ ಮೊದಲಿಂದ ಹಿಡಿ.”